ಅರ್ಧ ಒಡೆದ ಪದ

ನ್ಯಾಮತಿಯ ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸಿದ ಮೇಷ್ಟ್ರು ಗ್ರೀಕ್ ಪದಗಳನ್ನು ಅಡಕತ್ತರಿಗೆ ಸಿಕ್ಕ ಅಡಿಕೆಯಂತೆ ಹೋಳು ಮಾಡುತ್ತಿದ್ದರು. "ಪದ ಒಡೀರಿ, ಅರ್ಥ ಒಳಗೇ ಐತೆ" ಎನ್ನುವುದು ಅವರ ದಿನದ ಮಾತು. ಕ್ಲೋರೋ ಹಸಿರು, ಫಿಲ್ ಎಲೆ. ಉಚ್ಚಾರ ತಪ್ಪಿದರೆ ಇಡೀ ಬೆಂಚು ಎದ್ದು ನಿಲ್ಲಬೇಕಿತ್ತು.

ಸಸ್ಯವರ್ಗಗಳ ಪಾಠದಲ್ಲಿ ಜಿಮ್ನೋಸ್ಪರ್ಮ್ ಬಂದ ದಿನ ಮಾತ್ರ ಅವರು "ಸ್ಪರ್ಮಾ ಅಂದ್ರೆ ಬೀಜ" ಎಂದು ಅಲ್ಲಿಗೇ ನಿಲ್ಲಿಸಿದರು.

"ಜಿಮ್ನೋಸ್ ಅಂದ್ರೆ ಏನ್ ಸರ್?" ಎಂದು ಹುಡುಗಿಯರ ಬೆಂಚಿನಿಂದ ನಾನು ಕೇಳಿದೆ.

ಅವರು ಬೋರ್ಡಿನ ಮೇಲೆ ಬರೆದಿದ್ದ ಪದದ ಮೊದಲರ್ಧವನ್ನು ತಮ್ಮ ಕರ್ಚೀಫಿನಿಂದಲೇ ಒರೆಸಿದರು. "ಅದನ್ನ ಒಡೆಯಾಕೆ ಹೋಗಬ್ಯಾಡ್ರಿ. ಹಂಗೇ ಬಾಯಿಪಾಠ ಮಾಡ್ರಿ."

ಜಿಲ್ಲೆಯಿಂದ ಬಂದ ಅರ್ಧವಾರ್ಷಿಕ ಪ್ರಶ್ನೆಪತ್ರಿಕೆಯಲ್ಲಿ ಅದರ ಅರ್ಥವನ್ನೇ ಕೇಳಿದ್ದರು. ನಿಘಂಟು ನೋಡಿದ್ದ ನಾನು 'ಬೆತ್ತಲೆ ಬೀಜ' ಎಂದು ಬರೆದೆ. ಮೇಷ್ಟ್ರು ಪೂರ್ತಿ ಅಂಕ ಕೊಟ್ಟಿದ್ದರು. 'ಬೆತ್ತಲೆ'ಯ ಮೇಲೆ ಮಾತ್ರ ಒಂದು ಚೂರು ಬಿಳಿ ಕಾಗದವನ್ನು ಅಚ್ಚುಕಟ್ಟಾಗಿ ಅಂಟಿಸಿದ್ದರು.