ಗರಗಸದ ಮೇಲಿನ ಅಚ್ಚು

ಸಿಂಧನೂರಿನ ನಮ್ಮ ಓಣಿಯ ಬಡಿಗ ಮುತ್ಯಾನಿಗೆ ಏನು ಕೊಟ್ಟರೂ ಮೊದಲು ತಿರುಗಿಸಿ ನೋಡುವ ಚಟ. ಹೋಟೆಲಿನಲ್ಲಿ ಚಹಾ ಮುಗಿಸಿ ಕಪ್ಪು ಬೋರಲು ಮಾಡಿ ಬುಡ ನೋಡುತ್ತಿದ್ದರು. ಉಳಿದ ಹನಿಗಳು ಧೋತರದ ಮೇಲೆ ಬೀಳುತ್ತಿದ್ದವು. “ಮಾಡಿದವ್ರ ಗುರುತು ಎಲ್ಲ್ಯಾರ ಇದ್ದ ಇರ್ತೈತ್ರಿ” ಎನ್ನುವುದು ಅವರ ಮಾತು.

ಅವರ ಮನೆಯ ಗೋಡೆಯ ಮೇಲೆ ಇಬ್ಬರು ಹಿಡಿದು ಎಳೆಯುವ ಉದ್ದನೆಯ ಗರಗಸವಿತ್ತು. ಮುತ್ಯಾನ ಅಪ್ಪ ಮಸ್ಕಿಯ ಕಡೆ ಬೇವಿನ ದಿಮ್ಮಿ ಕೊಯ್ಯುತ್ತಿದ್ದುದು ಅದರಲ್ಲೇ. ಅದನ್ನು ಮಾಡಿದವರು ಯಾರೆಂದು ಒಮ್ಮೆ ಕೇಳಿದೆ.

“ನಡುವ ಅವ್ರ ಹೆಸರಿನ ಅಚ್ಚು ಐತಿ, ತೋರಸ್ತೀನಿ ತಡೀರಿ” ಎಂದು ಹುರುಪಿನಿಂದ ಇಳಿಸಿದರು. ಸೀಮೆಎಣ್ಣೆಯಲ್ಲಿ ಒರೆಸಿದೆವು, ಬಿಸಿಲಿಗೆ ಓರೆಯಾಗಿ ಹಿಡಿದೆವು. ಅಲಗಿನ ನಡುಭಾಗ ನುಣ್ಣಗೆ ಹೊಳೆಯಿತು. ಒಂದಕ್ಷರವೂ ಇರಲಿಲ್ಲ.

ಜೋಳ ಹಸನು ಮಾಡುತ್ತಿದ್ದ ಅವರ ಹೆಂಡತಿ ನಕ್ಕುಬಿಟ್ಟರು. “ವರ್ಷಾ ವರ್ಷಾ ಆಯುಧ ಪೂಜಿಗೆ ಹುಣಸಿಹಣ್ಣು ಹಚ್ಚಿ ತಿಕ್ಕಿದವ್ರು ನೀವ ಅಲ್ರಿ? ಅಚ್ಚಿನ ಮ್ಯಾಲೇ ವಿಭೂತಿ ಹಚ್ಚಬೇಕು, ಅದು ಫಳಫಳ ಹೊಳೀಬೇಕು ಅಂತಿದ್ರಿ.”

ಮುತ್ಯಾ ತಮ್ಮ ಹೆಬ್ಬೆರಳನ್ನೇ ಹಿಂದೆಮುಂದೆ ತಿರುಗಿಸಿ ನೋಡಿಕೊಂಡರು. ಮರುದಿನ ಹೋಟೆಲಿನಲ್ಲಿ ಕಪ್ಪನ್ನು ತಿರುಗಿಸದೆ ಕೆಳಗಿಟ್ಟರು.

ಮುಂದಿನ ಆಯುಧ ಪೂಜೆಗೆ ಹೋದಾಗ ಗರಗಸ ಬೆಳಗಿಟ್ಟಿದ್ದರು. ನಡುವೆ ಅಂಗೈಯಗಲದ ಜಾಗಕ್ಕೆ ಮಾತ್ರ ಹುಣಸೆಹಣ್ಣು ಮುಟ್ಟಿಸಿರಲಿಲ್ಲ; ಅದು ಮಬ್ಬಾಗಿ ಕಪ್ಪಗಿತ್ತು.

“ಅಲ್ಲೇನೂ ಉಳಿದಿಲ್ಲಲ್ಲ ಮುತ್ಯಾ?” ಎಂದೆ.

“ಇಲ್ಲೇ ಅದಾರ್ರಿ ಮಾಡಿದವ್ರು” ಎಂದವರು ಆ ಕಪ್ಪು ಜಾಗದ ಮೇಲೆಯೇ ಮೂರು ಬೆರಳಿನ ವಿಭೂತಿ ಎಳೆದರು. ಈ ಸಲ ಬೆರಳು ಒತ್ತಲಿಲ್ಲ.