ಬಂದ್ ದಿನದ ಬೂತಾಯಿ

ಕಾಪು ಎಂದರೆ ಎಲ್ಲರೂ ಲೈಟ್‌ಹೌಸ್ ಹೇಳುತ್ತಾರೆ. ನಾನು ಮಾತ್ರ ಮಾರುಕಟ್ಟೆಯ ಬಾಗಿಲಲ್ಲಿ ಮೀನು ಮಾರುತ್ತಿದ್ದ ಒಬ್ಬ ಹೆಂಗಸನ್ನು ನೆನೆದು ಬೀಗುತ್ತೇನೆ.

ಮೀನು ಸುತ್ತುವ ಹಳೆಯ ಪೇಪರನ್ನು ಮೊದಲು ನನ್ನತ್ತ ಹಿಡಿದು, "ಎಂತ ಉಂಟು, ಓದಿ ಟೀಚರೇ" ಎನ್ನುವರು. ಮಂತ್ರಿಯ ಭರವಸೆಯಿರಲಿ, ಹೆದ್ದಾರಿ ಕಾಮಗಾರಿಯಿರಲಿ, ಕೇಳಿದ ಮೇಲೆ ಅವರದು ಒಂದೇ ಪ್ರಶ್ನೆ: "ಬರೆದವರು ಇಲ್ಲಿ ಕೂತು ನೋಡಿದ್ದಾರಾ?"

ಒಮ್ಮೆ ಬಂದ್ ಇತ್ತು. ಅಂಗಡಿಗಳ ಶಟರ್ ಎಳೆಸುತ್ತಾ ಬಂದ ಏಳೆಂಟು ಗಂಡಸರು, "ಅಕ್ಕಾ, ಬುಟ್ಟಿ ಎತ್ತಿ" ಎಂದು ಗದರಿದರು. ಪಕ್ಕದ ಹೆಂಗಸರು ಆಗಲೇ ಬುಟ್ಟಿ ಮುಚ್ಚತೊಡಗಿದ್ದರು. ಇವರು ಮಾತ್ರ ಮುಂದೆ ನಿಂತವನ ಮುಖ ನೋಡಿದರು.

"ನಿನ್ನ ಅಮ್ಮ ಬೆಳಿಗ್ಗೆಯೇ ಬೂತಾಯಿ ಮೀನು ತಕೊಂಡು ಹೋಗಿದ್ದಾರೆ ಮಾರಾಯ. ಅದನ್ನು ವಾಪಸ್ ತಾ, ಮತ್ತೆ ಎತ್ತುತ್ತೇನೆ." ಹಿಂದಿದ್ದವನತ್ತ ತಿರುಗಿದರು. "ನಿನ್ನ ಹೆಂಡತಿಯದ್ದು ಬಂಗುಡೆ. ಉಳಿದವರದ್ದೂ ಹೇಳಲಾ?"

ಉಳಿದವರು ಕೇಳಲು ನಿಲ್ಲಲಿಲ್ಲ. ಮುಚ್ಚಿದ ಬುಟ್ಟಿಗಳು ಒಂದೊಂದಾಗಿ ತೆರೆದುಕೊಂಡವು.

ಎರಡು ದಿನದ ನಂತರ ಪೇಪರು ನನ್ನತ್ತ ಬಂತು. "ಕಾಪುವಿನಲ್ಲಿ ಬಂದ್ ಸಂಪೂರ್ಣ ಯಶಸ್ವಿ" ಎಂದು ಓದಿ, "ಬರೆದವರು ಇಲ್ಲಿ ಕೂತು ನೋಡಿದ್ದಾರಾ?" ಎಂದು ಈ ಸಲ ನಾನೇ ಕೇಳಿದೆ.

ಆ ಯಶಸ್ಸಿನಲ್ಲೇ ನನ್ನ ಬಂಗುಡೆ ಸುತ್ತುತ್ತಾ ಅವರೆಂದರು: "ಬರೆದವರ ಮನೆಯಲ್ಲಿ ಅವತ್ತು ಎಂತ ಮೀನು ಅಂತ ಹೇಳಲಾ ಟೀಚರೇ?"