ಕಚ್ಚಾ ಹೊಲಿಗೆಯ ಮೇಲೆ ಮಲಗಿದ ಮಾವ

ನೋಡ್ರಪ್ಪಾ, ಇನ್ನು ನಮ್ಮ ಮನೆಯಲ್ಲಿ ಹೊಲಿಯಲು ಹಾಸಿದ ಕೌದಿಯ ಮೇಲೆ ಯಾರೂ ಮಲಗುವಂತಿಲ್ಲ.

ಹೋದ ಸಲ ಪದರ ಜರುಗದಂತೆ ಕಚ್ಚಾ ಹೊಲಿಗೆ ಹಾಕದೆ ಮಿಷಿನ್ನಿನಲ್ಲಿ ಬಳ್ಳಿಯ ಚಿತ್ತಾರ ಹೊಲಿಯಲು ಹೋಗಿ ಕೌದಿಯೆಲ್ಲ ಸುಕ್ಕಾಗಿತ್ತು. ಅದಕ್ಕೇ ಇವತ್ತು ನಡುಮನೆಯಲ್ಲಿ ಹಳೆ ಸೀರೆಗಳನ್ನು ಪದರವಾಗಿ ಹಾಸಿ, ನಾನೂ ಅವ್ವನೂ ಕಚ್ಚಾ ಹೊಲಿಗೆ ಹಾಕುತ್ತಿದ್ದೆವು. ರಾಂಪುರದಿಂದ ಬಂದಿದ್ದ ಸೋದರಮಾವ ಉಂಡವರೇ ಅದರ ಮೇಲೆ ಮಲಗಿಬಿಟ್ಟರು.

"ಎಬ್ಬಿಸ್ಲೇನವ್ವಾ?" ಅಂದೆ.

"ಬ್ಯಾಡ. ಅಣ್ಣನ ಭಾರಕ್ಕೆ ಬಟ್ಟೆ ಅಲ್ಲಾಡಲ್ಲ. ಸುತ್ತ ಹೊಲಿ."

ಮಾವ ಎದ್ದಾಗ ಕೌದಿಯೂ ಎದ್ದಿತು. ಪಂಚೆಯ ಅಂಚು ಹೊಲಿಗೆಗೆ ಸಿಕ್ಕಿತ್ತು. ನಾನು ಕತ್ತರಿ ತಂದರೆ ಅವ್ವ ಕೈ ಹಿಡಿದಳು. "ಬಳ್ಳಿ ಹೊಲಿದು ಮುಗಿಯೋ ಮುಂಚೆ ಕಚ್ಚಾ ದಾರ ಕತ್ತರಿಸಿದ್ರೆ ಮತ್ತೆ ಸುಕ್ಕು ಬೀಳ್ತೈತೆ. ಅಣ್ಣಾ, ನೀನೇ ಪಂಚೆ ಬಿಚ್ಚು."

ಕೌದಿಯಲ್ಲೀಗ ಒಂದೂ ಸುಕ್ಕಿಲ್ಲ. ಮಾವ ಮಾತ್ರ ನನ್ನ ತಮ್ಮನ ಬರ್ಮುಡಾದಲ್ಲಿ ಕೂತು, ನನ್ನ ಬಳ್ಳಿ ಮುಗಿಯುವುದನ್ನೇ ಕಾಯುತ್ತಿದ್ದಾರೆ.